ಒಂದು ಸಲ ಹಿಸುಕಿದರೆ ಹೌದು

ಮಾರ್ಚ್ ೧೪, ಮಂಗಳವಾರ

ಎಷ್ಟು ತೊಳೆದರೂ ಕೈ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ. ಅದು ಹೋಗಲಿ, ಆ ಯಜಮಾನರ ಮುಖ ಕಣ್ಣಿಂದ ಹೋಗುತ್ತಿಲ್ಲ.

ಇವತ್ತು ರಿಪೇರಿಗೆ ಸಿಕ್ಕಿದ್ದು ಅವರೇ ಕೈಯಾರೆ ಕಟ್ಟಿದ ಕಾರು. ಎಂಜಿನ್ ಕಂಪ್ಯೂಟರ್ ಸುಟ್ಟುಹೋಗಿತ್ತು, ಬೇರೆ ಕಂಪನಿಯದನ್ನು ಕೂರಿಸಿದೆ. ಹೊಸದಕ್ಕೆ ಈ ಎಂಜಿನ್ ಬಗ್ಗೆ ಏನೇನೂ ಗೊತ್ತಿರುವುದಿಲ್ಲ. ಸ್ಟಾರ್ಟ್ ಆಗಿ, ಆಫ್ ಆಗದೆ ಓಡುವಷ್ಟು ಲೆಕ್ಕವನ್ನು ಮೊದಲು ನಾವೇ ತುಂಬಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಪುಸ್ತಕದಲ್ಲಿದ್ದ ಅಳತೆ ಕೊಟ್ಟೆ. ಎಂಜಿನ್ ಕೆಮ್ಮಿತು, ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳೆಲ್ಲ ತೊಯ್ದುಹೋದವು.

"ದೊಡ್ಡ ಇಂಜೆಕ್ಟರ್ ಏನಾದ್ರೂ ಹಾಕಿದ್ರಾ ಅಮ್ಮಾ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ನನ್ನನ್ಯಾಕೆ ಕೇಳ್ತೀಯಪ್ಪಾ? ಅವರನ್ನೇ ಕೇಳು. ಸ್ಟ್ರೋಕ್ ಆಗಿ ಮಾತು ಹೋಗಿದೆ, ಬುದ್ಧಿ ಎಲ್ಲೂ ಹೋಗಿಲ್ಲ. ಕೈ ಹಿಡ್ಕೋ. ಒಂದು ಸಲ ಹಿಸುಕಿದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ."

ಬೆಳಿಗ್ಗೆಯಿಂದ ಅವರು ಮುಂದಿನ ಸೀಟಿನಲ್ಲೇ ಇದ್ದರು. ನಾನು ಪಕ್ಕದಲ್ಲೇ ನಿಂತು, ಅವರು ಇಲ್ಲವೇನೋ ಎಂಬಂತೆ ಮಾತಾಡಿದ್ದೆ. ಥೂ, ನನ್ನ ಮುಖಕ್ಕಿಷ್ಟು.

ಕೈ ಹಿಡಿದು, ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿ ಚಿಮ್ಮಿಸುತ್ತದೆ ಎಂಬ ಅಳತೆಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ನಾನೂರ ನಲವತ್ತು ಎಂದಾಗ ಗಟ್ಟಿಯಾಗಿ ಒಮ್ಮೆ ಹಿಸುಕಿದರು. ಅದನ್ನೇ ತುಂಬಿ, ಪ್ಲಗ್ ಒರೆಸಿ ಹಾಕಿದೆ. ಒಂದೇ ಏಟಿಗೆ ಸ್ಟಾರ್ಟ್! ಅಮ್ಮ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಹೊರಡುವಾಗ ಕಿಟಕಿಯ ಹತ್ತಿರ ಬಗ್ಗಿ, ಈ ಸಲ ಅವರಿಗೇ ಹೇಳಿದೆ. "ಯಜಮಾನ್ರೇ, ಇದಿನ್ನೂ ಶುರು ಅಷ್ಟೇ. ಜೋರಾಗಿ ಓಡಿಸೋ ಹಾಗಿಲ್ಲ. ಸದ್ಯಕ್ಕೆ ಇಷ್ಟು ಸಾಕು ತಾನೇ?"

ಅವರೇ ಕೈ ಚಾಚಿ ನನ್ನ ಕೈ ಹಿಡಿದರು. ಎರಡು ಸಲ ಹಿಸುಕಿದರು.