ಲೆಂಕಾಳ ತಟ್ಟೆಯ ತೂಕ

ನವೆಂಬರ್ 2, ಗುರುವಾರ

ಬ್ರೆಡ್ಡು ನಲವತ್ತು ಗ್ರಾಂ — ಕಾರ್ಬ್ ಇಪ್ಪತ್ತು. ಬೇಯಿಸಿದ ಆಲೂಗಡ್ಡೆ ತೊಂಬತ್ತು — ಹದಿನೈದು. ಅರ್ಧ ಸೇಬು — ಎಂಟು. ಕೋಳಿಗೆ ಲೆಕ್ಕವಿಲ್ಲ. ಒಟ್ಟು ನಲವತ್ತಮೂರು. ಎರಡು ಸಲ ಕೂಡಿಸಿದೆ. ಬೇಡವೆಂದರೂ ಕೇಳದೆ ರೋಸಾ ಮೂರನೇ ಸಲ ಕೂಡಿಸಿದಳು. ಸಹಾಯಕಿ ಅಂದರೆ ಹೀಗಿರಬೇಕು, ನಂಬಿಕೆಯೇ ಇರಬಾರದು.

ಶಿಶುವಿಹಾರದ ಎಪ್ಪತ್ತು ತಟ್ಟೆಗಳಲ್ಲಿ ಒಂದಕ್ಕೆ ಮಾತ್ರ ಈ ವೈಭವ. ಹಳದಿ ಅಂಚಿನದು, ಲೆಂಕಾಳದು. ಐದು ವರ್ಷ. ವಸಂತದಲ್ಲಿ ಸಕ್ಕರೆ ಕಾಯಿಲೆ ಬಂತು, ಅಂದಿನಿಂದ ಮನೆಯಲ್ಲೇ ಇದ್ದಳು. ಈಗ ನಾನು ಊಟದ ಕಾರ್ಬ್, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಪಿಷ್ಟದ ಅಂಶ, ಲೆಕ್ಕ ಹಾಕಿ ಅವಳ ತಾಯಿ ನೆವೆನಾಗೆ ಫೋನಿನಲ್ಲಿ ಕಳಿಸಬೇಕು. ಆಕೆ ಅದನ್ನು ಇಪ್ಪತ್ತರಿಂದ ಭಾಗಿಸಿ, ಪಕ್ಕದ ಬೀದಿಯ ಕ್ಷೌರದಂಗಡಿಯಿಂದ ಏಪ್ರನ್ನಿನಲ್ಲೇ ಓಡಿಬಂದು, ಅಷ್ಟು ಯೂನಿಟ್ ಇನ್ಸುಲಿನ್ ಚುಚ್ಚಿ, ಮತ್ತೆ ಓಡುತ್ತಾಳೆ. ಎರಡು ಗಂಟೆ ಬಿಟ್ಟು ಮಗುವಿನ ತೋಳಿನ ಸೆನ್ಸರ್ ಹೇಳುವ ರಕ್ತದ ಸಕ್ಕರೆಯ ಅಂಕಿ, ಮಿಲಿಮೋಲ್ ಲೆಕ್ಕದಲ್ಲಿ, ಹತ್ತು ದಾಟಬಾರದು. ಇವತ್ತು ಎಂಟು!

ಮುಖ್ಯಸ್ಥೆ ಬಿಸೆರ್ಕಾ ಕೊಟ್ಟಿರುವುದು ಒಂದೇ ತಿಂಗಳು. ಅಂಕಿ ಸರಿ ಬರದಿದ್ದರೆ ಮಗು ಮನೆಗೆ, ನೆವೆನಾ ಕೆಲಸ ಬಿಟ್ಟು ಅವಳ ಜೊತೆಗೆ. ಸಭೆಯಲ್ಲಿ ಟೀಚರುಗಳೆಲ್ಲ ನೆಲ ನೋಡುತ್ತಿದ್ದಾಗ ಕೈ ಎತ್ತಿದವಳು ನಾನು. ಅಡುಗೆಯವಳು ಡಾಕ್ಟರಾದಳು ಅಂತ ಯಾರೋ ನಕ್ಕರು. ಮೂವತ್ತೊಂದು ವರ್ಷ ಎಪ್ಪತ್ತು ಹೊಟ್ಟೆಗಳ ಅಂದಾಜು ಗೊತ್ತಿದ್ದವಳಿಗೆ ಒಂದು ಹೊಟ್ಟೆಯ ಲೆಕ್ಕ ಬರುವುದಿಲ್ಲವೇ? ನೋಡೇಬಿಡೋಣ.

ನವೆಂಬರ್ 8, ಬುಧವಾರ

ಬಟಾಣಿ ಸಾಗು, ತರಕಾರಿ ಸೂಪು. ಒಗ್ಗರಣೆ ಕೊಟ್ಟಾಗ ಕಾರಿಡಾರೆಲ್ಲ ಘಮ್ಮೆಂದಿತು. ಮಕ್ಕಳು ತಟ್ಟೆ ನೆಕ್ಕಿದರು.

ಲೆಂಕಾ ದಿನಾ ಅಡುಗೆಮನೆಯ ಕಿಂಡಿಗೆ ಬಂದು ಕೇಳುತ್ತಾಳೆ — "ವಿದತ್ತೆ, ನಾನು ಇವತ್ತು ಎಷ್ಟು?" ತಾನೇ ತೂಗಿಸಿಕೊಳ್ಳುತ್ತಿರುವ ಹಾಗೆ. ಮೂವತ್ತೆಂಟು ಅಂದೆ. ಖುಷಿಯಿಂದ ಹೋದಳು.

ಎರಡು ಗಂಟೆಗೆ ಹದಿಮೂರು. ಸೋಮವಾರವೂ ಹನ್ನೆರಡೂವರೆ. ತಕ್ಕಡಿಯ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ಪರೀಕ್ಷಿಸಿದೆ. ತಕ್ಕಡಿ ಸರಿಯಾಗಿದೆ. ಯಾವುದರಲ್ಲಿ ಎಷ್ಟು ಕಾರ್ಬ್ ಎಂಬ ಕೋಷ್ಟಕವೂ ಸರಿ.

ನವೆಂಬರ್ 10, ಶುಕ್ರವಾರ

ಬಿಳಿ ಬೀನ್ಸ್ ಕಾಳು. ಕಾಳು ಕಾಳಾಗಿ ಲೆಕ್ಕ ಹಾಕಿದೆ, ಸೌಟಿನ ಲೆಕ್ಕವಲ್ಲ. ಹದಿಮೂರೂವರೆ.

ಬಿಸೆರ್ಕಾ ಮೇಡಂ ಬಾಗಿಲು ಮುಚ್ಚಿ ನಿಧಾನವಾಗಿ ಹೇಳಿದರು — "ನಿಮ್ಮ ಲೆಕ್ಕ ಸರಿಯಾಗೇ ಇದೆ ವಿದೋಸಾವಾ, ನಾನು ನೋಡ್ತಿದೀನಲ್ಲ. ಮನೇಲಿ ಯಾರೋ ಆ ಮಗೂಗೆ ಕದ್ದು ತಿನ್ನಿಸ್ತಿದಾರೆ."

ನನಗೂ ಹಾಗೇ ಅನ್ನಿಸಿತ್ತು. ಮುದ್ದು ಹೆಚ್ಚಾಗಿ ಬೆಳಿಗ್ಗೆ ಒಂದು ಬಿಸ್ಕತ್ತು ಕೊಟ್ಟು ಕಳಿಸುತ್ತಾಳೆ ತಾಯಿ, ಆಮೇಲೆ ನನ್ನ ತಕ್ಕಡಿಯನ್ನು ದೂರುತ್ತಾಳೆ. ದೂರಿಲ್ಲ ನಿಜ, ಆದರೆ ಆ ನೋಟ ದೂರುವ ನೋಟವೇ.

ನವೆಂಬರ್ 14, ಮಂಗಳವಾರ

ನೆವೆನಾ ಇಂಜೆಕ್ಷನ್ ಮುಗಿಸಿ ಅಡುಗೆಮನೆಯೊಳಕ್ಕೇ ಬಂದಳು. ಮೇಡಂ ಕರೆದು ಕೇಳಿದರಂತೆ. ಕೂದಲಿನ ಬಣ್ಣ ಹತ್ತಿದ ಬೆರಳುಗಳಲ್ಲಿ ಕಣ್ಣೊರೆಸಿಕೊಂಡಳು. ತಾನು ಏನೂ ಕೊಡುತ್ತಿಲ್ಲ, ಹಾಗಾದರೆ ಕೊಡುತ್ತಿರುವುದು ಅತ್ತೆಯೇ, ಬೆಳಿಗ್ಗೆ ಮಗುವಿಗೆ ಬಟ್ಟೆ ಹಾಕಿ ಕರೆತರುವುದು ಅವರೇ ತಾನೆ, ಎಂದಳು. ನಿನ್ನೆ ಮನೆಯಲ್ಲಿ ದೊಡ್ಡ ಜಗಳವಂತೆ. ಅತ್ತೆ ಸ್ತಮೆಂಕಾ ಇಂದು ಬೆಳಿಗ್ಗೆ ತಿಂಡಿಗೂ ಕೂರಲಿಲ್ಲವಂತೆ.

"ಅಜ್ಜಿಯಂದಿರು ಹಾಗೇ ಕಣಮ್ಮ" ಅಂದೆ. ಸಮಾಧಾನ ಹೇಳಿದೆ ಎಂದುಕೊಂಡೆ.

ಇವತ್ತಿನ ಅಂಕಿ ಹನ್ನೆರಡು. ಇನ್ನು ಹದಿನಾರು ದಿನ. ಹಲ್ಲು ನೋಯುತ್ತಿದೆ.

ನವೆಂಬರ್ 19, ಭಾನುವಾರ

ಗುರುವಾರ ಹಲ್ಲು ಕೀಳಿಸಿದೆ. ಎರಡು ದಿನ ರಜೆ. ಕೆನ್ನೆ ಇನ್ನೂ ಊದಿದೆ, ಗಂಜಿಯೇ ಗತಿ.

ರೋಸಾ ಫೋನ್ ಮಾಡಿದ್ದಳು. ಗುರುವಾರ ಎಲೆಕೋಸು, ಶುಕ್ರವಾರ ಬೀನ್ಸು, ಇಲಾಖೆಯ ಅಳತೆ ಪಟ್ಟಿಯಲ್ಲಿ ಇದ್ದ ಹಾಗೆ ಅಕ್ಷರಶಃ ಮಾಡಿದಳಂತೆ. ಮಕ್ಕಳು ಅರ್ಧಕ್ಕರ್ಧ ಬಿಟ್ಟರಂತೆ. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ. ಆಮೇಲೆ ಹೇಳಿದಳು — "ಆದ್ರೆ ವಿದಕ್ಕ, ಲೆಂಕಾ ತಟ್ಟೆ ಖಾಲಿ ಮಾಡಿದ್ಲು. ಎರಡು ದಿನಾನೂ ಏಳೂವರೆ. ನಿಮ್ಮ ಕೋಷ್ಟಕಾನೇ ನೋಡಿ ಲೆಕ್ಕ ಹಾಕಿದ್ದು."

ಹಿಗ್ಗಿದ್ದೆಲ್ಲ ಇಳಿದುಹೋಯಿತು. ಅದೇ ಕೋಷ್ಟಕ, ಅದೇ ತಕ್ಕಡಿ, ಮನೆಯಲ್ಲಿ ಅದೇ ಅಜ್ಜಿ. ಇಲ್ಲದೆ ಇದ್ದದ್ದು ನಾನೊಬ್ಬಳೇ.

ನವೆಂಬರ್ 20, ಸೋಮವಾರ, ಬೆಳಿಗ್ಗೆ 10.40

ಬರೆದುಬಿಡುತ್ತೇನೆ.

ಇವತ್ತು ಪಾತ್ರೆಗೆ ಬೀಳುವ ಪ್ರತಿಯೊಂದನ್ನೂ ತೂಗಿದೆ. ಬಟಾಣಿ, ಕ್ಯಾರೆಟ್, ಈರುಳ್ಳಿ, ಉಪ್ಪು ಕೂಡ. ಕೊನೆಗೆ ಎಣ್ಣೆ ಕಾಯಿಸಿದೆ, ಬೀರುವಿನಿಂದ ನನ್ನ ಡಬ್ಬ ತೆಗೆದೆ, ಹಿಟ್ಟು ಹಾಕಿ ಹುರಿದೆ, ಕೆಂಪು ಮೆಣಸಿನ ಪುಡಿ ಹಾಕಿದೆ, ಚುಂಯ್ ಎಂದು ಸಾಗಿನ ಪಾತ್ರೆಗೆ ಸುರಿದೆ. ಅದನ್ನು ತೂಗಲಿಲ್ಲ. ತೂಗಬೇಕೆಂದು ಹೊಳೆಯಲೂ ಇಲ್ಲ. ಒಗ್ಗರಣೆಯನ್ನು ಯಾರಾದರೂ ಊಟ ಅನ್ನುತ್ತಾರೆಯೇ? ಅದು ಊಟದ ಘಮ ಅಷ್ಟೇ. ರೋಸಾ ಹಿಂದೆ ನಿಂತು ಕೇಳಿದಳು — "ಅದು?"

"ಅದು ಏನೂ ಅಲ್ಲ" ಅಂದೆ. ಅಂದು ಬಾಯಿ ಮುಚ್ಚುವ ಮೊದಲೇ ಗೊತ್ತಾಯಿತು.

ಸೂಪಿನ ಒಗ್ಗರಣೆಗೆ ಮೊದಲೂ ಆಮೇಲೂ ಡಬ್ಬ ತೂಗಿದೆ. ಮುನ್ನೂರೈವತ್ತು ಗ್ರಾಂ ಹಿಟ್ಟು. ಸಾಗಿಗೆ ಅದರ ಎರಡರಷ್ಟು ಹೋಗುತ್ತದೆ. ಎರಡನ್ನೂ ಕೂಡಿಸಿ ಎಪ್ಪತ್ತರಿಂದ ಭಾಗಿಸಿದರೆ ತಲೆಗೆ ಹದಿನೈದು ಗ್ರಾಂ ಹಿಟ್ಟು, ಕಾರ್ಬ್ ಹನ್ನೊಂದು. ದೊಡ್ಡವರಿಗೆ ಲೆಕ್ಕಕ್ಕೇ ಇಲ್ಲ. ಹದಿನೆಂಟು ಕಿಲೋ ಮಗುವಿಗೆ ಅರ್ಧ ಯೂನಿಟ್ ಇನ್ಸುಲಿನ್.

ಇಲಾಖೆ ಆರು ವರ್ಷದ ಹಿಂದೆಯೇ ಶಿಶುವಿಹಾರಗಳಲ್ಲಿ ಹಿಟ್ಟಿನ ಒಗ್ಗರಣೆ ನಿಲ್ಲಿಸಿತು. ನಾನು ನಿಲ್ಲಿಸಲಿಲ್ಲ. ಹಿಟ್ಟು ಮನೆಯಿಂದ ತರುತ್ತೇನೆ. ಒಗ್ಗರಣೆ ಇಲ್ಲದ ಬಟಾಣಿಯನ್ನು ನಮ್ಮ ಊರಿನಲ್ಲಿ ಆಸ್ಪತ್ರೆಯ ರೋಗಿಗಳೂ ತಿನ್ನುವುದಿಲ್ಲ.

ಅದೇ ದಿನ, ಎರಡು ಗಂಟೆ

ಲೆಕ್ಕಕ್ಕೆ ಹನ್ನೊಂದು ಸೇರಿಸಿ ಕಳಿಸಿದ್ದೆ. ಯಾಕೆಂದು ನೆವೆನಾ ಕೇಳಲಿಲ್ಲ.

ಎಂಟು.

ನವೆಂಬರ್ 24, ಶುಕ್ರವಾರ

ಎಂಟು, ಏಳು, ಎಂಟೂವರೆ, ಎಂಟು. ದಿನಾ ಹನ್ನೊಂದು ಸೇರಿಸುತ್ತೇನೆ, ಬಾಯಿ ಬಿಡುವುದಿಲ್ಲ. ರೋಸಾಗೂ ಸುಮ್ಮನಿರು ಅಂದಿದ್ದೇನೆ. ಮಗುವಿನ ಜಾಗ ಉಳಿಯುತ್ತದೆ, ನನ್ನ ಡಬ್ಬವೂ ಉಳಿಯುತ್ತದೆ. ಯಾರಿಗೇನು ನಷ್ಟ?

ಮೇಡಂ ಖುಷಿಯಾಗಿದ್ದರು. ಕಾರಿಡಾರಿನಲ್ಲಿ ಎಲ್ಲರೆದುರಿಗೆ ಹೇಳಿದರು — "ನೋಡಿದ್ರಾ, ಗದರಿಸಿದ್ದಕ್ಕೆ ಮನೆಯವರು ದಾರಿಗೆ ಬಂದ್ರು." ನೆವೆನಾ ಅಲ್ಲೇ ನಿಂತಿದ್ದಳು. ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿದಳು.

ಅತ್ತೆ ಈಗಲೂ ಸೊಸೆಯ ಜೊತೆ ಮಾತಾಡುತ್ತಿಲ್ಲವಂತೆ. ಮಗುವನ್ನು ಕರೆತರುವುದನ್ನೂ ಬಿಟ್ಟಿದ್ದಾರೆ. ಅಜ್ಜಿ ಯಾಕೆ ಬರಲ್ಲ ಅಂತ ಲೆಂಕಾ ಕಿಂಡಿಯಲ್ಲಿ ನನ್ನನ್ನೇ ಕೇಳಿದಳು. ಗೊತ್ತಿಲ್ಲ ಅಂದೆ. ಐದು ವರ್ಷದ ಮಗುವಿಗೆ ಮುಖ ಕೊಟ್ಟು ಸುಳ್ಳು ಹೇಳಿದೆ. ನಾಚಿಕೆಯಾಗುತ್ತಿದೆ.

ನವೆಂಬರ್ 29, ಬುಧವಾರ

ಮೇಡಂಗೆ ಕಾಗದ ಬರೆಯಲು ಕೂತು ಮೂರು ಹಾಳೆ ಹರಿದೆ. ನಾಲ್ಕನೆಯದರಲ್ಲಿ ಆರೇ ಸಾಲು. ಹಿಟ್ಟು ಎಷ್ಟು, ಎಂದಿನಿಂದ, ಯಾರ ಕೈಯಿಂದ. ಕ್ಷಮಿಸಿ ಅಂತ ಬರೆಯಲಿಲ್ಲ, ಅದು ಬರೆಯುವುದಲ್ಲ. ಕೆಲಸ ಹೋದರೆ ಹೋಗಲಿ. ನಾಳೆ ಹತ್ತು ಗಂಟೆಗೆ ಲೆಂಕಾಳ ವಿಷಯದ ಸಭೆ, ನೆವೆನಾಳೂ ಬರುತ್ತಾಳೆ. ಹೇಳಿಯೇ ತೀರುತ್ತೇನೆ.

ನವೆಂಬರ್ 30, ಗುರುವಾರ

ಹೇಳಿದೆ.

ಮೇಡಂ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಎಲ್ಲಾ ಮಕ್ಕಳಿಗೂ? ಇಷ್ಟು ವರ್ಷ?"

"ಎಲ್ಲರಿಗೂ ಮೇಡಂ. ನಿಷೇಧದ ಮೊದಲೂ, ಆಮೇಲೂ. ನಿಮ್ಮ ಮಗ ಇಲ್ಲಿದ್ದಾಗ ಅವನಿಗೂ."

ಮೇಡಂ ಕಾಗದ ಮಡಿಚಿಟ್ಟರು. "ಅದಕ್ಕೇ ಅವನು ನನ್ನ ಬಟಾಣಿ ಮುಟ್ತಿರಲಿಲ್ಲ" ಅಂದರು. ನಗಲಿಲ್ಲ. ಲಿಖಿತ ಎಚ್ಚರಿಕೆ ಕೊಟ್ಟರು, ಸಹಿ ಹಾಕಿದೆ. ಪಾತ್ರೆಗೆ ಬೀಳುವ ಎಲ್ಲವೂ ಇನ್ನು ಮುಂದೆ ಗೋಡೆಯ ಮೇಲೆ ಬರೆದಿರಬೇಕು. ಸೋಮವಾರದಿಂದ ಒಗ್ಗರಣೆ ಪಟ್ಟಿಯ ಪ್ರಕಾರ, ಹಿಟ್ಟಿಲ್ಲದೆ. ಲೆಂಕಾ ಉಳಿಯಬಹುದು ಎಂದರು.

ನೆವೆನಾ ಉಳಿಸಬೇಕಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು — "ಹತ್ತು ದಿನದಿಂದ ನಿಮಗೆ ಗೊತ್ತಿತ್ತು. ಹತ್ತು ದಿನ ನಮ್ಮತ್ತೆ ಮನೇಲಿ ಕಳ್ಳಿ ಥರ ಓಡಾಡಿದ್ರು. ನಾನೇ ಹಾಗೆ ಮಾಡಿದೆ. ನೀವು ನೋಡ್ತಾ ಇದ್ರಿ."

ಕ್ಷಮಿಸು ಅಂದೆ. ಕೋಟು ಹಾಕಿಕೊಂಡು, ಮಗುವನ್ನು ಊಟಕ್ಕೆ ಮೊದಲೇ ಕರೆದುಕೊಂಡು ಹೋದಳು. ಹಳದಿ ತಟ್ಟೆ ಹಾಗೇ ಉಳಿಯಿತು.

ಡಿಸೆಂಬರ್ 1, ಶುಕ್ರವಾರ

ಬರಲಿಲ್ಲ.

ಡಿಸೆಂಬರ್ 4, ಸೋಮವಾರ, ಬೆಳಿಗ್ಗೆ 8.15

ಹಿಟ್ಟಿಲ್ಲದ ಮೊದಲ ಸೂಪು. ಕ್ಯಾರೆಟ್ಟನ್ನೇ ಅರೆದು ಗಟ್ಟಿ ಮಾಡಿದೆ. ರುಚಿ ಬರುವ ತನಕ ಬಿಡುವುದಿಲ್ಲ, ನಾಳೆ ಸೊಪ್ಪು ಹಾಕಿ ನೋಡುತ್ತೇನೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಲ್ಲ ತೂಕ ಬರೆದೆ. ಅವಳು ಬಾರದಿದ್ದರೂ ಬರೆಯುತ್ತೇನೆ. ಇನ್ನೊಂದು ಮಗು ಬರಬಹುದು.

8.50

ಈಗಲೇ ಬರೆಯಬೇಕು. ಬಾಗಿಲಲ್ಲಿ ಬೂಟಿನ ಹಿಮ ಕೊಡವುವ ಸದ್ದಾಯಿತು. ಲೆಂಕಾ! ಜೊತೆಗೆ ತಲೆಗೆ ಕಪ್ಪು ವಸ್ತ್ರ ಕಟ್ಟಿದ ಹೆಂಗಸು. ನೆವೆನಾ ಅಲ್ಲ, ಅವಳ ಅತ್ತೆ ಸ್ತಮೆಂಕಾ. ಮಗುವನ್ನು ತರಗತಿಗೆ ಬಿಟ್ಟು ನೆಟ್ಟಗೆ ಅಡುಗೆಮನೆಗೆ ಬಂದರು. ಬೈಗುಳಕ್ಕೆ ಸಿದ್ಧಳಾಗಿ ಕೈ ಒರೆಸಿಕೊಂಡು ನಿಂತೆ.

ಬೈಯಲಿಲ್ಲ. ಕೈಗವಸು ತೆಗೆದು ಮೇಜಿನ ಮೇಲಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಸೊಸೆಗೆ ಇನ್ನೂ ಹೇಳಿಲ್ಲ. ರಾತ್ರಿ ಅಡುಗೆಗೆ ನಾನೂ ಹಿಟ್ಟಿನ ಒಗ್ಗರಣೆ ಹಾಕ್ತೀನಿ. ಇವತ್ತು ಹೇಳಲೇಬೇಕು. ಆದ್ರೆ ಎಷ್ಟು ಹಾಕ್ತೀನಿ ಅಂತ ಕೇಳಿದ್ರೆ ಏನ್ ಹೇಳ್ಲಿ? ತೂಗೋದು ತೋರಿಸ್ಕೊಡಿ."

ರೋಸಾ ಕುರ್ಚಿ ಎಳೆದು ಕೊಟ್ಟಳು. ಖಾಲಿ ಬಟ್ಟಲಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು ಮುಂದಿಟ್ಟೆ. ಮನೆಯಲ್ಲಿ ಹಾಕುವಷ್ಟೇ ಹಾಕಿ, ಕಡಿಮೆ ಮಾಡಬೇಡಿ, ಅಂದೆ. ಚಮಚ ತುಂಬ ಹಿಟ್ಟು ತೆಗೆದರು. ಇನ್ನೊಂದು ಚಮಚ. ಸ್ವಲ್ಪ ಯೋಚಿಸಿ, ನನ್ನ ಮುಖ ನೋಡಿ, ಮೂರನೆಯದನ್ನೂ ಹಾಕಿದರು.