ಬೇಡವೆನ್ನಲು ಕೊನೆಯ ದಿನ

ಜೂನ್ 17, ಮಂಗಳವಾರ

ಬಂದು ತಿಂಗಳಾಯಿತು, ಆದರೂ ಪಿಂಚಣಿಯ ಕಾಗದವನ್ನು ಬಿಸಾಕಲಿಲ್ಲ. ಮೂರು ವರ್ಷಕ್ಕೊಮ್ಮೆ ಬರುತ್ತದೆ: ನೀವು ಪಿಂಚಣಿ ಯೋಜನೆಯಿಂದ ಹೊರಗೆ ಹೋಗಿದ್ದಿರಿ, ಕಾನೂನಿನಂತೆ ಮತ್ತೆ ಸೇರಿಸಿದ್ದೇವೆ, ಬೇಡವಾದರೆ ಒಂದು ತಿಂಗಳೊಳಗೆ ತಿಳಿಸಿ. ಈ ದೇಶಕ್ಕೆ ಬಂದ ಹೊಸದರಲ್ಲಿ ಸಂಜೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅರ್ಧ ಮರೆತಿದೆ, ಈ ಕಾಗದ ಮಾತ್ರ ಬಾಯಿಪಾಠ.

ಹಿಂದಿನ ಎರಡು ಸಲವೂ ನನ್ನ ಹೆಂಡತಿ ಗ್ರಾಸಿಯೇತೆ ಇದ್ದಳು. ಮೀನು ಹುರಿಯುತ್ತಲೇ ಹೇಳುತ್ತಿದ್ದಳು, "ಈ ದೇಶದಲ್ಲಿ ಮುದುಕರಾಗೋಕೆ ಬಂದಿದ್ದೀವಾ? ಬೇಡ ಅಂದ್ಬಿಡು. ಇನ್ನು ಮೂರೇ ವರ್ಷ, ನಮ್ಮೂರು ಸೆತೂಬಲ್‌ಗೆ ಹೋಗ್ಬಿಡೋಣ." ನಾನು ಫೋನ್ ಮಾಡಿ ಬೇಡವೆನ್ನುತ್ತಿದ್ದೆ. ಇಬ್ಬರಿಗೂ ಆಗಲೇ ಊರಿಗೆ ಹೊರಟಷ್ಟು ಖುಷಿ. ಹೋದ ಚಳಿಗಾಲದಿಂದ ಅವಳು ಇಲ್ಲಿಯ, ಥೆಟ್‌ಫರ್ಡಿನ ಸ್ಮಶಾನದಲ್ಲಿದ್ದಾಳೆ.

ಬೆಳಿಗ್ಗೆ ಕೋಳಿ ಕಾರ್ಖಾನೆಯಲ್ಲಿ, ಸಂಬಳದ ಕಚೇರಿಯ ಡೋರೀನ್ ಕರೆದಳು.

"ಏನಪ್ಪಾ ಅಡೆಲಿನೊ, ಇವತ್ತು ಕೊನೇ ದಿನ. ಇನ್ನೂ ಬೇಡ ಅಂದಿಲ್ವಲ್ಲ, ಮೈ ಹುಷಾರಾಗಿದೆ ತಾನೇ?"

"ಸಂಜೆ ಹೇಳ್ತೀನಿ."

"ಹೇಳದಿದ್ರೂ ಏನೂ ಆಗಲ್ಲ ಕಣೋ. ನಮ್ ಜೊತೆ ಒಳಗೇ ಇರ್ತೀಯ, ಅಷ್ಟೇ."

ಅದೇ ಕೊರೆಯುತ್ತಿದೆ. ಬೇಡವೆಂದರೆ ಊರಿಗೆ ಹೋಗುತ್ತೇನೆಂದು ಇನ್ನೊಮ್ಮೆ ಸುಳ್ಳು ಹೇಳಿದಂತೆ. ಅವಳನ್ನು ಈ ಮಣ್ಣಿನಲ್ಲಿ ಬಿಟ್ಟು ನನಗೆಲ್ಲಿಯ ಸೆತೂಬಲ್? ಬೇಡವೆನ್ನದಿದ್ದರೆ ನಾವಿಬ್ಬರೂ ಇನ್ನು ಹೋಗುವುದಿಲ್ಲ ಎಂದು ನಾನೊಬ್ಬನೇ ತೀರ್ಮಾನಿಸಿದಂತೆ. ಅವಳನ್ನು ಕೇಳದೆ ನಾನು ಒಂದು ಕುರ್ಚಿಯನ್ನೂ ಕೊಂಡವನಲ್ಲ.

ರಾತ್ರಿ ಒಂಬತ್ತೂವರೆ ಆಯಿತು. ಹನ್ನೆರಡರವರೆಗೂ ಫೋನಿನಲ್ಲಿ ಬೇಡವೆನ್ನಬಹುದಂತೆ. ಇಲ್ಲಿಯ ಬೇಸಿಗೆಯ ತಡವಾದ ಬೆಳಕೂ ಹೋಗುತ್ತಿದೆ, ಬರೆದ ಸಾಲು ನನಗೇ ಕಾಣುತ್ತಿಲ್ಲ. ದೀಪದ ಗುಂಡಿಯ ಪಕ್ಕದಲ್ಲೇ ಫೋನ್ ಇದೆ. ಅದಕ್ಕೇ ಏಳುತ್ತಿಲ್ಲ