ಓದಾಕ ಬರದವರೂ ಬರ್ರಿ

ರಾಯಾಪುರ,
೨೯ ಮೇ ೧೯೯೯, ಶನಿವಾರ

ತೀರ್ಥರೂಪ ಅಪ್ಪನಿಗೆ ನಿಮ್ಮ ಕಾವೇರಿಯ ನಮಸ್ಕಾರ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಆರೋಗ್ಯ ಕೇಳುತ್ತೇನೆ. ನಾನು ಸಾಲಿ ಬಿಟ್ಟು ಒಂದೂವರೆ ವರ್ಷವಾಯಿತು. ಹತ್ತನೆಯ ಇಯತ್ತೆಯ ಫಲಿತಾಂಶ ಯಾವಾಗ ಎಂದು ಹೋದ ಪತ್ರದಲ್ಲಿ ಕೇಳಿದ್ದೀರಿ. ನನ್ನದು ಬರುವುದಿಲ್ಲ. ನಾನು ಒಂಬತ್ತನ್ನೇ ಅರ್ಧಕ್ಕೆ ಬಿಟ್ಟವಳು. ‘ಸಾಲಿ ಹೆಂಗ ನಡದೈತಿ’ ಎಂದು ನೀವು ಕೇಳಿದಾಗಲೆಲ್ಲ ‘ಛಲೋ ನಡದೈತಿ’ ಎಂದು ಬರೆದೆ. ಸಾಲಿ ನಡೆದೇ ಇತ್ತು, ಅದರೊಳಗೆ ನಾನು ಇರಲಿಲ್ಲ ಅಷ್ಟೆ. ಇದು ಸುಳ್ಳಿಗಿಂತ ಚೊಕ್ಕದ್ದೇನಲ್ಲ ಎಂದು ನನಗೂ ಗೊತ್ತು. ದೀಪಾವಳಿಗೆ ನೀವು ಬಂದಾಗ ಸೂಟಿ ಇತ್ತು, ಬಚಾವಾದೆ. ಅವ್ವನನ್ನು ಬೈಯಬೇಡಿ. ‘ನೀ ಹೇಳ್ತಿ ಏನ ನಾ ಹೇಳ್ಲಿ’ ಎಂದು ಆಕೆ ಬೆನ್ನು ಹತ್ತಿದ್ದಳು, ನಾನೇ ಆಣೆ ಹಾಕಿಸಿದ್ದೆ.

ಈಗ ಹೇಳಿ, ಕೆಮ್ಮು ಹೇಗಿದೆ? ಇಚಲಕರಂಜಿಯ ಸೆಕೆಯಲ್ಲಿ ಹತ್ತಿಯ ಧೂಳು ಕುಡಿದು ಮಗ್ಗದ ಮುಂದೆ ನಿಲ್ಲುವಾಗ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಅವ್ವ ಕೊಟ್ಟ ಜೀರಗಿ ಪುಡಿ ಮುಗಿದಿದ್ದರೆ ತಿಳಿಸಿ. ಅವ್ವ ಆರಾಮ ಇದ್ದಾಳೆ, ಮೊಣಕಾಲು ಮಾತ್ರ ಆಕೆಯ ಮಾತು ಕೇಳುವುದಿಲ್ಲ.

ಸಾಲಿ ಬಿಟ್ಟದ್ದು ಯಾರೋ ಹೊಡೆದರೆಂದಲ್ಲ, ಯಾರೋ ಬೈದರೆಂದೂ ಅಲ್ಲ. ಒಂದು ಕಡೆ ಐದು ತಾಸು ಕೂಡುವುದು ನನ್ನಿಂದ ಆಗಲಿಲ್ಲ. ಬಸ್ ಸ್ಟಾಪಿನ ಹತ್ತಿರ ಬೋರ್ಡು ಬರೆಯುವ ಉಸ್ಮಾನಸಾಬ ಇದ್ದಾರಲ್ಲ, ಒಂದು ಮುಂಜಾನೆ ಅವರು ಔಷಧಿ ಅಂಗಡಿಯ ಬೋರ್ಡಿನ ಮೇಲೆ ‘ಷ’ಕ್ಕೆ ಹೊಟ್ಟೆ ಸೀಳುವ ಗೆರೆ ಎಳೆಯುವುದನ್ನು ನೋಡುತ್ತ ನಿಂತೆ. ಮರುದಿನವೂ ನಿಂತೆ. ಮೂರನೆಯ ದಿನ ಅವರು ಕುಂಚ ಕೈಗೆ ಕೊಟ್ಟು ‘ನಿಂತು ನಿಂತು ಕಾಲ್ ನೋಯಿಸ್ಕೋಬ್ಯಾಡ ಬೇಟಿ, ಅಕ್ಷರದ ಅಂಚಿಗರೆ ಬಣ್ಣ ತುಂಬು’ ಎಂದರು. ಅಂದಿನಿಂದ ಅಲ್ಲೇ ಇದ್ದೇನೆ. ರಾಯಾಪುರದ ಅರ್ಧ ಅಂಗಡಿಗಳ ಹೆಸರು ಈಗ ನನ್ನ ಕೈಯವು.

ಈ ಬೇಸಿಗೆಗೆ ನಮ್ಮ ಪ್ಲಾಟಿನ ನಿವಾಸಿಗಳ ಸಂಘದವರು ಸಮುದಾಯ ಭವನದಲ್ಲಿ ಒಂದು ತಿಂಗಳ ‘ಬೇಸಿಗೆ ಹಬ್ಬ’ ಇಟ್ಟರು. ಮಕ್ಕಳಿಗೆ ಚಿತ್ರಕಲೆ, ಹೆಣ್ಣುಮಕ್ಕಳಿಗೆ ರಂಗೋಲಿ, ಹುಡುಗರಿಗೆ ಕೇರಂ, ವಯಸ್ಸಾದವರಿಗೆ ಕಣ್ಣಿನ ತಪಾಸಣೆ. ವರ್ಷಗಟ್ಟಲೆ ಕೀಲಿ ಬಿದ್ದಿದ್ದ ಪುಸ್ತಕದ ಕಪಾಟನ್ನೂ ತೆರೆದರು. ಸಂಘದ ಅಧ್ಯಕ್ಷರು ಗುರುಸಿದ್ದಯ್ಯನವರು, ನಿವೃತ್ತ ಹೆಡ್‌ಮಾಸ್ತರರು, ನಿಮಗೆ ಗೊತ್ತಿರಬೇಕು. ಬಾಗಿಲ ಬೋರ್ಡು ಬರೆಯುವ ಕೆಲಸ ನನಗೆ ಬಂತು: ‘ಎಲ್ಲ ವಯೋಮಾನದವರಿಗೂ ಹಾರ್ದಿಕ ಸ್ವಾಗತ’. ಅವರು ಹೇಳಿದಂತೆ ಬರೆದೆ. ಕೆಳಗೆ ಒಂದು ಗೇಣು ಜಾಗ ಉಳಿಯಿತು.

ಮೊದಲ ಭಾನುವಾರ ಕಣ್ಣಿನ ಡಾಕ್ಟರು ಬಂದರು. ನಮ್ಮ ಓಣಿಯ ಮಾಳವ್ವ, ಕಾಯಿಪಲ್ಲೆ ಮಾರುವಾಕೆ, ಅಕ್ಷರದ ಪಟ್ಟಿಯ ಮುಂದೆ ಕೂತಳು. ಕಾಣುತ್ತವೆಯೋ ಎಂದು ಡಾಕ್ಟರು ಕೇಳಿದರೆ ‘ಕಾಣಾಕತ್ತಾವ್ರಿ ಸಾಹೇಬ್ರ, ಗುರ್ತ ಇಲ್ಲ’ ಎಂದಳು. ಭವನವೆಲ್ಲ ನಕ್ಕಿತು. ಮಾಳವ್ವನೂ ನಕ್ಕಳು. ನನಗೆ ನಗೆ ಬರಲಿಲ್ಲ. ಆ ಸಂಜೆ ಹೋಗಿ, ಉಳಿದ ಜಾಗದಲ್ಲಿ ಕೆಂಪು ಬಣ್ಣದಿಂದ ಬರೆದೆ: ‘ಓದಾಕ ಬರದವರೂ ಬರ್ರಿ. ಮಧ್ಯಾಹ್ನ ಎರಡಕ್ಕ.’ ಉಸ್ಮಾನಸಾಬರು ನೋಡಿ ‘ಗಿರಾಕಿ ಹೇಳಲಾರದ್ದು ಬರದ್ರ ಅಳಸೂ ಕೆಲಸಾನೂ ನಿಂದ’ ಎಂದರು.

ಮರುದಿನ ಗುರುಸಿದ್ದಯ್ಯನವರು ಬೋರ್ಡಿನ ಮುಂದೆ ನಿಂತು ‘ಇದನ್ನ ಬರದವರು ಯಾರು?’ ಎಂದರು. ‘ನಾನು’ ಎಂದೆ. ‘ಓದಾಕ ಬರದವರು ಅಂದ್ರ ಅಕ್ಷರ ಬರದವರೋ, ಇಲ್ಲಿಗೆ ಓದಾಕ ಬರದ ಮನ್ಯಾಗ ಕುಂತವರೋ?’ ಎಂದು ವ್ಯಾಕರಣ ತೆಗೆದರು. ‘ಇಬ್ರೂ ಬರಲಿ ಬಿಡ್ರಿ’ ಎಂದೆ. ಅವರ ಮೀಸೆಯಲ್ಲಿ ನಗೆ ಬಂದು ಹೋಯಿತು, ನಾನು ನೋಡಿದ್ದೇನೆ. ಅಳಿಸು ಎನ್ನಲಿಲ್ಲ.

ಎರಡಕ್ಕೆ ಹೋಗಿ ಕೂತೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಸಿಟ್ಟಿನಿಂದ ಮಾಳವ್ವನ ಬುಟ್ಟಿಯ ಮುಂದೆ ನಿಂತು ಯಾಕೆ ಬರಲಿಲ್ಲ ಎಂದು ಜಗಳ ತೆಗೆದೆ, ಬೋರ್ಡಿನ ಮೇಲೆ ಬರೆದಿಲ್ಲವೇ ಎಂದೆ. ಆಕೆ ಬದನೆಕಾಯಿಗೆ ನೀರು ಚಿಮುಕಿಸುತ್ತ ‘ಓದಾಕ ಬರದವ್ರು ಅದನ್ನ ಓದೂದ್ ಹೆಂಗವಾ, ಶಾಣ್ಯಾಕಿ?’ ಎಂದಳು. ಅಪ್ಪಾ, ಅಂಥ ದಡ್ಡಿ ನಾನು. ಆ ಸಂಜೆ ಮನೆ ಮನೆಗೆ ಹೋಗಿ ನನ್ನ ಬೋರ್ಡನ್ನು ನಾನೇ ಓದಿ ಹೇಳಿ ಬಂದೆ. ಮರುದಿನ ಒಂಬತ್ತು ಮಂದಿ. ಅವ್ವನೂ ಬಂದಿದ್ದಳು, ಕೈಗೆ ರೊಟ್ಟಿಯ ಹಿಟ್ಟು ಹಾಗೇ ಇತ್ತು.

ನಾನು ಅ ಆ ಇ ಈ ಹಿಡಿಯಲಿಲ್ಲ. ಮಾಳವ್ವ ವಾರಕ್ಕೊಮ್ಮೆ ಗರಗದಲ್ಲಿರುವ ಮಗಳ ಮನೆಗೆ ಹೋಗುತ್ತಾಳೆ, ಧಾರವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ‘ಇದು ಗರಗದ್ದೇನ್ರಿ’ ಎಂದು ಕೇಳಿ ಬೈಸಿಕೊಳ್ಳುತ್ತಾಳೆ. ಗರಗ ಎಂದರೆ ಎರಡೇ ಅಕ್ಷರ, ಅದರಲ್ಲಿ ‘ಗ’ ಎರಡು ಸಲ ಬರುತ್ತದೆ. ಕೊಂಬಿಲ್ಲ, ಒತ್ತಿಲ್ಲ. ಮೊದಲ ದಿನವೇ ಒಂಬತ್ತೂ ಮಂದಿ ಒಂದು ಊರಿನ ಹೆಸರು ಓದಿದರು. ಮುಂದಿನ ಗುರುವಾರ ಮಾಳವ್ವ ಯಾರನ್ನೂ ಕೇಳದೆ ಬಸ್ಸು ಹತ್ತಿದಳಂತೆ. ಕಂಡಕ್ಟರ್ ‘ಎಲ್ಲಿಗವ್ವಾ’ ಎಂದದ್ದಕ್ಕೆ ‘ಮುಂದ ಬರದಾರ, ನೋಡ್ಕೋ’ ಎಂದಳಂತೆ.

ಈಗ ಜಗಳದ ಮಾತು. ಹೋದ ವಾರ ಗುರುಸಿದ್ದಯ್ಯನವರು ಕರೆದು, ಜೂನ್ ತಿಂಗಳಿನಿಂದ ದಿನಾಲು ಮಧ್ಯಾಹ್ನ ಭವನ ಬಿಟ್ಟುಕೊಡುತ್ತೇವೆ, ಪಾಠ ನಡೆಸು ಎಂದರು. ನನ್ನ ಎದೆ ತುಂಬಿತು. ಆಮೇಲೆ ಒಂದು ಕಾಗದ ಮುಂದಿಟ್ಟರು. ಕಲಿಸುವವಳ ವಿದ್ಯಾರ್ಹತೆ ಎಂಬಲ್ಲಿ ಎಸ್ಸೆಸ್ಸೆಲ್ಸಿ ಎಂದು ಅವರೇ ಬರೆದಿದ್ದರು, ನನ್ನ ಸಹಿ ಬೇಕಿತ್ತು. ಅದಿಲ್ಲದೆ ಸಂಘದವರು ಒಪ್ಪುವುದಿಲ್ಲವಂತೆ. ‘ಯಾರೂ ನೋಡೂದಿಲ್ಲ. ಮಂದಿಗೆ ಛಲೋ ಆಗೂದಿದ್ರ ಒಂದು ಸಾಲಿನಾಗ ಏನು ಹೋಗತೈತಿ ತಂಗೀ?’ ಎಂದರು. ಅವರು ಕೆಟ್ಟವರಲ್ಲ. ಅದಕ್ಕೇ ಕಷ್ಟವಾಯಿತು. ‘ಆ ಸಾಲು ಓದಾಕ ಅವರಿಗೆ ನಾನ ಕಲಿಸಾಕತ್ತೇನಿ ಸರ್. ನಾಳೆ ಓದಿದ್ರ ಏನು ಹೇಳಲಿ?’ ಎಂದೆ. ಸಹಿ ಮಾಡಲಿಲ್ಲ. ನಿಮಗೆ ಒಂದೂವರೆ ವರ್ಷ ಬರೆದ ‘ಛಲೋ ನಡದೈತಿ’ಗಳೇ ನನಗೆ ಸಾಕಾಗಿವೆ.

ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಸ್ವಭಾವ ನಿಮಗೆ ಗೊತ್ತು. ಹಬ್ಬದ ಸಮಾರೋಪದ ಮುಂಜಾನೆ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಕಲಿಸಾಕಿ ಕಾವೇರಿ, ಒಂಬತ್ತನೇ ಇಯತ್ತೆ ಅರ್ಧಕ್ಕ ಬಿಟ್ಟಾಕಿ.’ ಅತಿಥಿಗಳು ಓದಿದರು, ಮುಸಿಮುಸಿ ನಕ್ಕರು. ಸಂಘದವರಿಗೆ ಮುಖ ಇಲ್ಲದಂತಾಯಿತು. ಸೋಮವಾರ ಭವನಕ್ಕೆ ಕೀಲಿ ಬಿತ್ತು, ಬೋರ್ಡು ಹೋಯಿತು, ಕಪಾಟಿನ ಪುಸ್ತಕಗಳೂ ಒಳಗೇ ಉಳಿದವು. ಒಂಬತ್ತು ಮಂದಿ ಎರಡಕ್ಕೆ ಬಂದು ಮೆಟ್ಟಿಲ ಮೇಲೆ ಕೂತರು. ಒಂದು ಸಹಿ ಹಾಕಿದ್ದರೆ ಅವರು ನೆರಳಿನಲ್ಲಿ ಇರುತ್ತಿದ್ದರು, ಅದು ನನಗೆ ಚುಚ್ಚುತ್ತದೆ. ಆದರೂ ಹಾಕುವುದಿಲ್ಲ. ಮೆಟ್ಟಿಲ ಮೇಲೇ ಪಾಠ ನಡೆಯಿತು, ಇವತ್ತಿಗೂ ನಡೆದಿದೆ. ಇದನ್ನು ‘ಛಲೋ ನಡದೈತಿ’ ಎಂದು ಬರೆದರೆ ಈ ಸಲ ನಂಬಿ.

ನೀವು ಸಿಟ್ಟಾಗುತ್ತೀರಿ, ಆಗಿ. ತಿರುಗಿ ಸಾಲಿಗೆ ಹೋಗು ಎಂದು ಮಾತ್ರ ಬರೆಯಬೇಡಿ, ಹೋಗುವುದಿಲ್ಲ. ನಿಮ್ಮ ಖೋಲಿಯ ಗೆಳೆಯರಿಗೆಲ್ಲ ನನ್ನ ನಮಸ್ಕಾರ ಹೇಳಿ. ವೇಳೆಗೆ ಸರಿಯಾಗಿ ಉಣ್ಣಿರಿ.

ನಿಮ್ಮ ಹಟಮಾರಿ ಮಗಳು
ಕಾವೇರಿ

ತಾ.ಕ.: ಬರೆಯಬೇಕಾದದ್ದೇ ಉಳಿಯಿತು, ಅಂಚೆಯ ವೇಳೆಯಾಗಿದೆ. ಮಾಳವ್ವನ ಮಗಳು ದೇವಕ್ಕ ಗರಗದಲ್ಲಿ ಖಾದಿ ನೂಲುತ್ತಾಳೆ. ತಾಯಿ ಬಸ್ಸಿನ ಬೋರ್ಡು ತಾನೇ ಓದಿ ಬಂದಿಳಿದದ್ದನ್ನು ಕಂಡು, ನಮಗೂ ಕಲಿಸಲಿ ಎಂದು ಅಲ್ಲಿಯ ಹದಿನಾಲ್ಕು ಹೆಣ್ಣುಮಕ್ಕಳು ಹೇಳಿ ಕಳಿಸಿದ್ದಾರೆ. ನನ್ನದು ಎಷ್ಟನೇ ಇಯತ್ತೆ ಎಂದು ಮೊದಲೇ ತಿಳಿಸಿದೆ, ಆದರೂ ಬಾ ಎಂದಿದ್ದಾರೆ. ದೇವಕ್ಕನ ಮನೆಯಲ್ಲೇ ಇರುತ್ತೇನೆ. ಇಲ್ಲಿಯ ಮೆಟ್ಟಿಲ ಪಾಠವನ್ನು ಅವ್ವ, ತಾನು ಕಲಿತಷ್ಟರಲ್ಲೇ, ನೋಡಿಕೊಳ್ಳುತ್ತಾಳೆ. ನಿಮ್ಮ ಅಪ್ಪಣೆ ಕೇಳಿದ್ದರೆ ಉತ್ತರ ಬರಲು ಎಂಟು ದಿನ, ಅದೂ ಬೇಡ ಎಂದೇ ಬರುತ್ತಿತ್ತು. ಅದಕ್ಕೆ ಕೇಳಿಲ್ಲ, ತಿಳಿಸಿದ್ದೇನೆ. ನಾಳೆ ಮುಂಜಾನೆ ಏಳಕ್ಕೆ ಹೊರಡುತ್ತೇನೆ.